ಅರ್ಧ ಚಟಾಕು

ಮೊಮ್ಮಗಳಿಗೆ ಕೆಮ್ಮು. ಸೊಸೆ ಅಡುಗೆಮನೆಯಿಂದಲೇ ಕೂಗಿದಳು: "ಅಬ್ಬಾಜಾನ್, ಐದು ಎಂ.ಎಲ್. ಕುಡಿಸಿಬಿಡಿ. ಮುಚ್ಚಳದ ಮೇಲೇ ಗೆರೆ ಇದೆ ನೋಡಿ." ನೋಡಿದೆ. ಹೆಬ್ಬೆರಳಿಗೆ ತೊಡಿಸಬಹುದಾದಷ್ಟು ಚಿಕ್ಕ ಪ್ಲಾಸ್ಟಿಕ್ ಮುಚ್ಚಳ, ಅದರ ಮೈಮೇಲೆ ಕೂದಲೆಳೆಯಂಥ ಗೆರೆಗಳು. ಕನ್ನಡಕ ಹಾಕಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಗೆರೆ ಮುಟ್ಟುವಷ್ಟು ಸುರಿದೆ. ಒಂದು ಹನಿ ಹೆಚ್ಚಾಯಿತೆಂದು ವಾಪಸು ಸುರಿದೆ. ಮತ್ತೆ ಬಗ್ಗಿಸಿದೆ. ಅಷ್ಟರಲ್ಲಿ ಬಾಯಿ ತೆರೆದುಕೊಂಡು ಕೂತಿದ್ದ ಮಗು ಬೇಸರವಾಗಿ ಎದ್ದು ಹೋಯಿತು. "ಮೂವತ್ತೈದು ವರ್ಷ ಕಾಂಪೌಂಡರ್ ಆಗಿದ್ದವರು, ಒಂದು ಮುಚ್ಚಳ ಔಷಧಕ್ಕೆ ಇಷ್ಟು ಹೊತ್ತಾ?" ಎಂದು ಸೊಸೆ ನಕ್ಕಳು. ಅವಳಿಗೇನು ಗೊತ್ತು, ಪಾಪ. ನಾನು ಯಾರಿಗೂ ಹೇಳಿಲ್ಲ. ಹೇಳಬೇಕಾಗಿದ್ದ ಒಬ್ಬಳಿಗೂ ಹೇಳಲಿಲ್ಲ.

ಮದ್ದೂರು ಸೀಮೆಯ ನಾಲೆ ಬಯಲಿನ ಒಂದು ಹಳ್ಳಿಗೆ ನನ್ನನ್ನು ಹಾಕಿದ್ದು ಯುದ್ಧದ ನಡುವಿನ ಒಂದು ವರ್ಷ. ಊರಿನ ಹೆಸರು ಬರೆಯುವುದಿಲ್ಲ. ನನಗಾಗ ಇಪ್ಪತ್ತೆರಡು. ನಮ್ಮ ತಂದೆಗೆ ಮಳವಳ್ಳಿಯಲ್ಲಿ ತಗಡಿನ ಕೆಲಸ. ಸೇರು, ಪಾವು, ಚಟಾಕು ಮಾಡಿ ಸಂತೆಯಲ್ಲಿ ಮಾರುತ್ತಿದ್ದರು. ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಚಟಾಕು, ಇದು ನಾನು ಮಗ್ಗಿಗಿಂತ ಮೊದಲು ಕಲಿತ ಪಾಠ. ಬೆಸುಗೆ ಆರಿದ ಮೇಲೆ ಪ್ರತಿಯೊಂದಕ್ಕೂ ಸಾಸಿವೆ ತುಂಬಿ, ತಮ್ಮ ಹಳೆಯ ಹಿತ್ತಾಳೆ ಅಳತೆಗೆ ಸುರಿದು ನೋಡುತ್ತಿದ್ದರು. ನಾಲ್ಕು ಕಾಳು ಹೆಚ್ಚುಕಮ್ಮಿಯಾದರೂ ತಗಡು ಮತ್ತೆ ಒಲೆಗೆ. "ನಮ್ಮ ಕೈಲಿ ತಪ್ಪಿದರೆ ಸಂತೆಗೆ ಸಂತೇನೇ ತಪ್ಪುತ್ತೆ" ಎನ್ನುತ್ತಿದ್ದರು. ನಾನು ಕಾಂಪೌಂಡರ್ ಆದಾಗ ಅವರಿಗೆ ಎಲ್ಲಿಲ್ಲದ ಹಿಗ್ಗು. ಇವನದೂ ಅಳೆಯುವ ಕೆಲಸವೇ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು.

ಆಸ್ಪತ್ರೆ ಅಂದರೆ ಎರಡು ಕೋಣೆ, ಒಂದು ಜಗಲಿ. ಡಾಕ್ಟರು ವಾರಕ್ಕೆ ಎರಡು ಸಲ ಮದ್ದೂರಿನಿಂದ ಜಟಕಾದಲ್ಲಿ ಬರುತ್ತಿದ್ದರು. ಮಿಕ್ಕ ದಿನ ನಾನೇ ರಾಜ. ನಾಲೆ ಬಂದು ಆ ಬಯಲಿಗೆ ಕೆಲವು ವರ್ಷವಾಗಿತ್ತು. ನೀರು ಬಂತು, ಭತ್ತ ಬಂತು, ಕಬ್ಬು ಬಂತು, ಹಿಂದೆಯೇ ಸೊಳ್ಳೆಯೂ ಬಂತು. ನವರಾತ್ರಿ ಕಳೆದು ಗದ್ದೆಯಲ್ಲಿ ತೆನೆ ಇಣುಕುವ ಹೊತ್ತಿಗೆ ಮನೆಮನೆಯಲ್ಲೂ ಚಳಿಜ್ವರ. ಬೆಳಗ್ಗೆ ನೆಟ್ಟಗೆ ನೇಗಿಲು ಹಿಡಿದಿದ್ದವನು ಮಧ್ಯಾಹ್ನ ನಮ್ಮ ಜಗಲಿಯ ಮೇಲೆ ಎರಡು ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದ. ಗದ್ದೆಯ ಕೊಳೆತ ನೀರಿನ ವಾಸನೆ, ಒದ್ದೆ ಕಂಬಳಿಯ ವಾಸನೆ, ಒಳಗಡೆ ಸ್ಪಿರಿಟ್ಟಿನ ವಾಸನೆ. ಆ ಮಳೆಗಾಲದ ಕೊನೆ ಈಗಲೂ ನನ್ನ ಮೂಗಿನಲ್ಲೇ ಕೂತಿದೆ.

ಔಷಧ ಇದ್ದದ್ದು ಒಂದೇ, ಕ್ವಿನೈನು. ಅದಕ್ಕೂ ಆ ವರ್ಷ ಗ್ರಹಚಾರ. ಕ್ವಿನೈನು ಬರುತ್ತಿದ್ದ ಜಾವಾ ಜಪಾನಿನವರ ಪಾಲಾಗಿ ದೊಡ್ಡ ಆಸ್ಪತ್ರೆಗಳಿಗೇ ಸಿಗುತ್ತಿರಲಿಲ್ಲ. "ಇಬ್ರಾಹಿಂ, ಒಂದು ಹನಿ ಚೆಲ್ಲಿದರೆ ಒಂದು ಜೀವ ಚೆಲ್ಲಿದ ಹಾಗೆ" ಎಂದು ಡಾಕ್ಟರು ಬಂದಾಗೆಲ್ಲ ಎಚ್ಚರಿಸುತ್ತಿದ್ದರು. ರೋಗಿಗಳು ಸೀಸೆಯನ್ನು ಮನೆಯಿಂದಲೇ ತರಬೇಕು. ಹರಳೆಣ್ಣೆ ಸೀಸೆ, ಸೀಮೆಎಣ್ಣೆ ಸೀಸೆ, ಯಾವುದು ಸಿಕ್ಕಿತೋ ಅದು. ನಾನು ಅದನ್ನು ತೊಳೆದು, ಔನ್ಸು ಗ್ಲಾಸಿನಲ್ಲಿ ಅಳೆದು ಔಷಧ ತುಂಬಿ, ಪಕ್ಕಕ್ಕೆ ಒಂದು ಕಾಗದದ ಪಟ್ಟಿ ಅಂಟಿಸುತ್ತಿದ್ದೆ. ಪಟ್ಟಿಯನ್ನು ಮಡಿಸಿ ಅಂಚಿಗೆ ಕತ್ತರಿ ಹಾಕಿ ಬಿಡಿಸಿದರೆ ಸಾಲಾಗಿ ಹಲ್ಲು ಮೂಡುತ್ತದೆ. ಒಂದು ಹೊತ್ತಿಗೆ ಒಂದು ಹಲ್ಲು ಇಳಿಯಬೇಕು, ಅಷ್ಟೇ. ಔನ್ಸು ಅಂದರೇನು ಎಂದು ಯಾರೂ ತಿಳಿಯಬೇಕಾಗಿರಲಿಲ್ಲ. ಆದರೂ ಕೇಳುತ್ತಿದ್ದರು. ಅಳತೆ ಗೊತ್ತಿಲ್ಲದ್ದನ್ನು ಹೊಟ್ಟೆಗೆ ಹಾಕಿಕೊಳ್ಳಲು ಜನಕ್ಕೆ ಮನಸ್ಸು ಒಪ್ಪುವುದಿಲ್ಲ. ಕೇಳಿದವರಿಗೆಲ್ಲ ನಾನು, "ಔನ್ಸು ಅಂದ್ರೆ ಅರ್ಧ ಚಟಾಕು ಕಣ್ರಪ್ಪ" ಎಂದು ಬಾಯಿಪಾಠ ಒಪ್ಪಿಸುತ್ತಿದ್ದೆ. ದೊಡ್ಡವರಿಗೆ ಒಂದು ಹೊತ್ತಿಗೆ ಒಂದು ಔನ್ಸು. ಮಕ್ಕಳಿಗೆ ಅದರಲ್ಲಿ ಅರ್ಧ.

ಆಸ್ಪತ್ರೆಯ ಎದುರಿನ ಹೊಂಗೆ ಮರದ ಕೆಳಗೆ ಪುರಿ ಸಾಕಮ್ಮ ಕೂರುತ್ತಿದ್ದಳು. ಮನೆಯಲ್ಲಿ ಕಾದ ಮರಳಿಗೆ ಅಕ್ಕಿ ಹಾಕಿ ಪುರಿ ಹುರಿದು, ಜೊತೆಗೆ ಒಂದಿಷ್ಟು ಹುರಿಗಡಲೆ ಇಟ್ಟುಕೊಂಡು, ಮದ್ದೂರಿನ ಸಂತೆಯಲ್ಲೂ ನಮ್ಮ ಜಗಲಿಯ ಮುಂದೆಯೂ ಮಾರುವ ವಿಧವೆ ಮುದುಕಿ. ಅವಳ ಪಕ್ಕದಲ್ಲಿ ಮೊಮ್ಮಗಳು ಗೌರಿ. ಎಂಟು ವರ್ಷ. ತಾಯಿ ಹೆರಿಗೆಯಲ್ಲಿ ಹೋಗಿದ್ದಳು, ತಂದೆ ಇನ್ನೊಂದು ಮದುವೆಯಾಗಿ ಮಂಡ್ಯ ಸೇರಿದ್ದ. ಅಳೆಯುವವಳು ಅಜ್ಜಿ, ಎಣಿಸುವವಳು ಗೌರಿ. ನಮ್ಮ ಕಡೆ ಮೊದಲನೆಯ ಅಳತೆಗೆ ಯಾರೂ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆ ಹುಡುಗಿ ಅದನ್ನು ಎಳೆದು, "ಲಾ...ಭಾ! ಎಲ್ಡೂ... ಮೂರೂ..." ಎಂದು ಹಾಡಿದರೆ ಒಳಗೆ ಚಳಿಯಲ್ಲಿ ನಡುಗುತ್ತಿದ್ದವರೂ ತಲೆ ಎತ್ತಿ ನೋಡುತ್ತಿದ್ದರು. ಎಂಥ ಕಂಠ ಅಂತೀರಿ!

ಎಣಿಕೆ ಮುಗಿದ ಮೇಲೆ ಸಾಕಮ್ಮನ ಕೈ ಸುಮ್ಮನಿರುತ್ತಿರಲಿಲ್ಲ. ಮೇಲೊಂದು ಬೊಗಸೆ ಕೊಸರು ಬೀಳಲೇಬೇಕು. ಶಿವಪುರದಲ್ಲಿ ಸತ್ಯಾಗ್ರಹದವರು ಬಾವುಟ ಹಾರಿಸಿದ ವರ್ಷ ಆ ಜನಜಂಗುಳಿಯಲ್ಲೂ ಒಬ್ಬರಿಗೂ ಕೊಸರು ತಪ್ಪಿಸಿರಲಿಲ್ಲವಂತೆ. "ಕೊಸ್ರು ಇಲ್ದಿದ್ರೆ ಅದೇನ್ ಅಳ್ತೆ ಕಣಪ್ಪ? ಲೆಕ್ಕುಕ್ಕೆ ಕೊಟ್ಟಂಗಾಯ್ತು, ಮನ್ಸಾರೆ ಕೊಟ್ಟಂಗಾಯ್ತಾ?" ಎನ್ನುತ್ತಿದ್ದಳು. ನಾನು ತಗಡಿನ ಸಾಬರ ಮಗ ಎಂದು ಗೊತ್ತಾದ ದಿನ ಮಂಕರಿಯಿಂದ ತನ್ನ ಚಟಾಕು ತೆಗೆದು ತೋರಿಸಿದಳು. "ಇದು ನಿಮ್ಮಪ್ಪಾರು ಮಾಡಿದ್ದು. ಮಳವಳ್ಳಿ ಸಂತೇಲಿ ತಕಂಡಿದ್ದೆ. ಅತ್ತು ವರ್ಸಾಯ್ತು, ಒಂದ್ ಕಾಳು ಅತ್ತಿತ್ತ ಆಗಿಲ್ಲ ಕಣ್ ಸಾಬ್ರೇ." ತಿರುಗಿಸಿ ನೋಡಿದೆ. ಅಡಿಯಲ್ಲಿ ನಮ್ಮ ತಂದೆ ಉಳಿಯಲ್ಲಿ ಕೊರೆಯುತ್ತಿದ್ದ ಚಿಕ್ಕ ಚಂದ್ರ ಇತ್ತು. ಆವತ್ತಿನಿಂದ ಸಂಜೆ ಸಂಜೆ ನನ್ನ ಪಾಲಿನ ಪುರಿಗೆ ಎರಡು ಬೊಗಸೆ ಕೊಸರು. ಒಂಟಿಯಾಗಿದ್ದ ನನಗೆ ಆ ಊರಿನಲ್ಲಿ ಮನೆ ಅಂತ ಅನ್ನಿಸಿದ್ದು ಆ ಹೊಂಗೆ ಮರವೇ.

ಕಾರ್ತಿಕದಲ್ಲಿ ಗೌರಿಗೆ ಚಳಿಜ್ವರ ಬಂತು. ಅಜ್ಜಿ ಅವಳನ್ನು ಕಂಬಳಿಯಲ್ಲಿ ಸುತ್ತಿ ಎದೆಗವಚಿಕೊಂಡು ಬಂದಳು. ಡಾಕ್ಟರು ಬಂದಿದ್ದ ದಿನ. ನೋಡಿ ಐದು ದಿನದ ಔಷಧ ಬರೆದರು. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಅರ್ಧ ಔನ್ಸು. ನಾನು ಸೀಸೆ ತುಂಬಿ, ಹದಿನೈದು ಹಲ್ಲಿನ ಪಟ್ಟಿ ಅಂಟಿಸಿ, "ಒಂದೊಂದೇ ಹಲ್ಲು ಅಜ್ಜಿ" ಎಂದು ತೋರಿಸಿ ಕಳಿಸಿದೆ. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು.

ಅರ್ಧ ಗಂಟೆಯಲ್ಲಿ ವಾಪಸು ಬಂದಳು. ಮನೆಗೆ ಹೋಗುವ ದಾರಿಯಲ್ಲಿ ಕಾಲುವೆ ದಾಟುವಾಗ ಮಗುವನ್ನು ಹಿಡಿದುಕೊಳ್ಳುವ ಭರದಲ್ಲಿ ಸೀಸೆ ನೀರಿಗೆ ಜಾರಿತ್ತು. ಬಿರಡೆ ಗಟ್ಟಿಯಾಗಿದ್ದರಿಂದ ಔಷಧ ಹೋಗಿರಲಿಲ್ಲ. ಆದರೆ ಗಂಜಿ ಇನ್ನೂ ಹಸಿಯಾಗಿದ್ದ ಪಟ್ಟಿ ಕಿತ್ತುಕೊಂಡು ತೇಲಿಹೋಗಿತ್ತು. ಜಗಲಿಯ ತುಂಬ ಜನ. ಒಬ್ಬ ವಾಂತಿ ಮಾಡುತ್ತಿದ್ದಾನೆ, ಒಬ್ಬಳು ಸಾಲು ತಪ್ಪಿಸಿ ಮುಂದೆ ಬಂದಳೆಂದು ಇನ್ನೊಬ್ಬಳು ಬೈಯುತ್ತಿದ್ದಾಳೆ, ನನಗೋ ಬೆಳಗ್ಗೆಯಿಂದ ಒಂದು ಲೋಟ ನೀರಿಗೂ ಪುರಸೊತ್ತಿಲ್ಲ.

"ಸಾಬ್ರೇ, ಚೀಟಿ ಕಿತ್ಕಂಡ್ ಓಯ್ತು ಕಣಪ್ಪ. ಎಸ್ಟು ಕುಡಿಸ್ಲಿ?" ಎಂದು ಜನರ ತಲೆಗಳ ಆಚೆಯಿಂದ ಸೀಸೆ ಎತ್ತಿ ಹಿಡಿದಳು.

ಅವಳ ಕೈಯಿಂದ ಸೀಸೆ ಇಸಿದುಕೊಂಡು ಇನ್ನೊಂದು ಪಟ್ಟಿ ಅಂಟಿಸಲು ಎಷ್ಟು ಹೊತ್ತು ಬೇಕಿತ್ತು? ಎರಡು ನಿಮಿಷ. ನಾನು ತಲೆಯನ್ನೂ ಎತ್ತಲಿಲ್ಲ. ಬೆಳಗ್ಗೆಯಿಂದ ಹೇಳಿ ಹೇಳಿ ನಾಲಿಗೆಯ ಮೇಲೇ ಕೂತಿದ್ದ ಮಾತು ತಾನಾಗಿ ಹೊರಬಿತ್ತು. "ಅರ್ಧ ಚಟಾಕು ಅಜ್ಜಿ, ಅರ್ಧ ಚಟಾಕು! ಎಷ್ಟು ಸಲ ಹೇಳೋದು?"

ಅವಳಿಗೆ ನಾನು ಅದಕ್ಕೆ ಮೊದಲು ಒಂದು ಸಲವೂ ಹೇಳಿರಲಿಲ್ಲ. ಅದು ದೊಡ್ಡವರ ಲೆಕ್ಕ. ಗೌರಿಗೆ ಕಾಲು ಚಟಾಕು ಆಗಬೇಕಿತ್ತು. "ಆಯ್ತು ಬುಡಪ್ಪ, ಸಿಟ್ಟಾಗ್ಬ್ಯಾಡ. ಚಟಾಕು ಮನೇಲೈತೆ" ಎಂದು ಸಾಕಮ್ಮ ಸಮಾಧಾನವಾಗಿಯೇ ಹೋದಳು.

ಮೂರನೆಯ ದಿನ ಬೆಳಗ್ಗೆ ಬಾಗಿಲು ತೆಗೆಯುತ್ತಿದ್ದಂತೆ ಬಂದು ನಿಂತಳು. ಕೈಯಲ್ಲಿ ಖಾಲಿ ಸೀಸೆ. "ಜರ ಬುಟ್ಟೈತೆ ಕಣಪ್ಪ, ನಿನ್ ಒಟ್ಟೆ ತಣ್ಣಗಿರ್ಲಿ. ಆದ್ರೆ ಕೂಸು ಕರುದ್ರೆ ಓಗುಡ್ತಾ ಇಲ್ಲ. ಮೊನ್ನಿಂದ ಕಿವಿಯೊಳ್ಗೆ ಯಾರೋ ಪುರಿ ಉರೀತಾವ್ರೆ ಅಂತಿದ್ಲು. ಇವತ್ತು ಅದೂ ಅನ್ತಿಲ್ಲ. ಔಸ್ದಿ ಮುಗೀತು, ಇನ್ನೊಂದು ವಸಿ ಕೊಡು."

ಐದು ದಿನದ ಔಷಧ ಎರಡೂ ಚಿಲ್ಲರೆ ದಿನಕ್ಕೆ ಮುಗಿದಿತ್ತು. ಕ್ವಿನೈನು ಹೆಚ್ಚಾದರೆ ಮೊದಲು ಹೋಗುವುದು ಕಿವಿ. "ಎಷ್ಟು ಹಾಕ್ತಿದ್ದೆ ಅಜ್ಜಿ?" ಎಂದೆ.

"ನೀನೇಳ್ದಂಗೇ ಅರ್ಧ ಚಟಾಕು. ಮ್ಯಾಲೆ ವಸಿ ಕೊಸ್ರು. ನಂ ಕೂಸಿಗೆ ನಾನು ಸವರಿ ಅಳ್ದು ಕೊಡಕ್ಕಾಯ್ತದಾ?"

ನಾನು ಅವಳ ಜೊತೆ ಓಡಿದೆ. ಗೌರಿ ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದಳು. ಮೈ ತಣ್ಣಗಿತ್ತು, ಕಣ್ಣು ತಿಳಿಯಾಗಿತ್ತು. ಹಿಂದಿನಿಂದ ಹೋಗಿ, "ಗೌರೀ" ಎಂದೆ. ಚಪ್ಪಾಳೆ ತಟ್ಟಿದೆ. ಹಿತ್ತಾಳೆ ತಟ್ಟೆಯನ್ನು ಕಲ್ಲಿಗೆ ಕುಟ್ಟಿದೆ. ತಿರುಗಲಿಲ್ಲ. ನನ್ನ ನೆರಳು ಅವಳ ಮುಂದೆ ಬಿದ್ದಾಗ ತಿರುಗಿದಳು. ತಿರುಗಿ ನಕ್ಕಳು.

ಔಷಧ ನಿಲ್ಲಿಸಿದೆವು. ಡಾಕ್ಟರಿಗೆ ಆಳು ಕಳಿಸಿದೆ. ಅವರು ಮಾರನೆಯ ದಿನ ಬಂದರು, ನೋಡಿದರು, ಕಿವಿಯ ಪಕ್ಕ ಗಡಿಯಾರ ಹಿಡಿದರು, ಚಿಟಿಕೆ ಹೊಡೆದರು. ಆಮೇಲೆ ಎಷ್ಟು ಔಷಧ ಕುಡಿಸಿದಿರಿ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಸಾಕಮ್ಮ ಅವರ ಕಾಲ ಬಳಿ ಕುಸಿದಳು. "ನಾನೇ ಪಾಪಿ ಸ್ವಾಮಿ. ನಾನೇ ಕೊಸ್ರು ಆಕ್ಬುಟ್ಟೆ. ಮೂರೊತ್ತೂ ಆಕ್ದೆ."

"ಔಷಧಕ್ಕೆ ಯಾರಾದರೂ ಕೊಸರು ಹಾಕ್ತಾರೇನಮ್ಮಾ? ಇದೇನು ಪುರಿಯೇ?" ಎಂದು ಡಾಕ್ಟರು ರೇಗಿದರು. ನನ್ನ ಕಡೆ ತಿರುಗಿ, "ನೀನು ಪಟ್ಟಿ ಸರಿಯಾಗಿ ಅಂಟಿಸಿದ್ದೆಯಾ?" ಎಂದರು.

"ಅಂಟಿಸಿದ್ದೆ ಸಾರ್" ಎಂದೆ.

ಸುಳ್ಳಲ್ಲ. ಅಂಟಿಸಿದ್ದೆ. ಇಷ್ಟು ವರ್ಷ ಆ ಎರಡು ಮಾತನ್ನು ಎಷ್ಟು ಸಲ ಅಳೆದು ನೋಡಿದ್ದೇನೋ ಲೆಕ್ಕವಿಲ್ಲ. ಅವಳ ಕೊಸರು ಹೊತ್ತಿಗೆ ನಾಲ್ಕು ಹನಿ, ಹೆಚ್ಚೆಂದರೆ ಐದು. ನಾನು ಹೇಳಿದ ಅಳತೆ ಒಂದಕ್ಕೆ ಎರಡು. ಆಗಿನ್ನೂ ನನ್ನ ಕೆಲಸ ಕಾಯಂ ಆಗಿರಲಿಲ್ಲ. ಮಳವಳ್ಳಿಯಲ್ಲಿ ತಂದೆ ಬೀದಿಗೆಲ್ಲ ನನ್ನ ಸುದ್ದಿ ಹೇಳಿಕೊಂಡಿದ್ದರು. ಇದೆಲ್ಲ ನೆಪ. ನಿಜವಾದ ಮಾತು ಅಂದರೆ ನಾನು ಹೆದರಿದೆ. ಅವಳು ತಾನಾಗಿ ತಲೆಗೆ ತೆಗೆದುಕೊಂಡ ಹೊರೆಯನ್ನು ಇಳಿಸಲು ನನ್ನ ಕೈ ಮೇಲೇಳಲಿಲ್ಲ. "ನೀನೇ ಅರ್ಧ ಚಟಾಕು ಅಂದಿದ್ದೆ" ಎಂದು ಅವಳು ಒಂದು ಸಲ ಅಂದಿದ್ದರೂ ನಾನು ಒಪ್ಪಿಕೊಂಡುಬಿಡುತ್ತಿದ್ದೆ ಅನ್ನಿಸುತ್ತದೆ. ಅವಳಿಗೆ ಅದು ಹೊಳೆಯಲೇ ಇಲ್ಲ. ಕಾಂಪೌಂಡರ್ ಹೇಳಿದ ಅಳತೆ, ತಗಡಿನ ಸಾಬರು ಮಾಡಿದ ಚಟಾಕು, ಎರಡರಲ್ಲೂ ತಪ್ಪಿರಲು ಸಾಧ್ಯವಿಲ್ಲ ಎಂದೇ ಅವಳ ನಂಬಿಕೆ. ಚಟಾಕಿನ ವಿಷಯದಲ್ಲಿ ಅವಳು ಸರಿ.

ಜಟಕಾ ಹತ್ತುವಾಗ ಡಾಕ್ಟರು, "ಜ್ವರ ತಲೆಗೇರಿಯೂ ಹೀಗಾಗುತ್ತೆ, ಹೇಳೋದಕ್ಕೆ ಬರೋಲ್ಲ. ಜೀವ ಉಳಿಯಿತಲ್ಲ" ಎಂದರು. ಆ ಒಂದು ಮಾತಿನ ಸಂದಿಯಲ್ಲೇ ನಾನು ಇಷ್ಟು ವರ್ಷ ಉಸಿರಾಡಿಕೊಂಡಿದ್ದೇನೆ. ಗೌರಿಯ ಕಿವಿ ಮಾತ್ರ ಮತ್ತೆ ಬರಲಿಲ್ಲ.

ಮಾರ್ಗಶಿರದಲ್ಲಿ ಸಾಕಮ್ಮ ಮತ್ತೆ ಹೊಂಗೆ ಮರದ ಕೆಳಗೆ ಬಂದು ಕೂತಳು. ಪಕ್ಕದಲ್ಲಿ ಗೌರಿ. ಎಣಿಕೆ ಇಲ್ಲ. ಅಜ್ಜಿ ಪಾವು ತುಂಬಿ, ಒಂದು ಕಡ್ಡಿಯಿಂದ ಮೇಲೆ ಸವರಿ, ಸೆರಗಿಗೆ ಸುರಿದು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಒಂದು ಕಾಳು ಹೆಚ್ಚಿಲ್ಲ, ಕಮ್ಮಿಯಿಲ್ಲ. ಒಬ್ಬ ಹೆಂಗಸು, "ಯಾಕಜ್ಜಿ, ಕೊಸ್ರು ಎಲ್ಲಿ?" ಎಂದು ಸೆರಗು ಹಿಡಿದುಕೊಂಡೇ ನಿಂತಳು.

"ನಂ ಕೊಸ್ರು ಯಾರ್ಗೂ ಬ್ಯಾಡ ಕಣವ್ವ. ಓಗು" ಎಂದಳು ಸಾಕಮ್ಮ.

ಊರಿನವರು ಸುಮ್ಮನಿರುತ್ತಾರೆಯೇ? ಮುದುಕಿಗೆ ಈಗ ದುಡ್ಡಿನ ಆಸೆ ಹತ್ತಿದೆ ಎಂದರು. ಸಂತೆಯಲ್ಲಿ ಗಿರಾಕಿಗಳು ಬೇರೆ ಕಡೆ ತಿರುಗಿದರು. ನಾನು ಸಂಜೆ ಪುರಿಗೆ ಹೋಗುವುದನ್ನು ಬಿಟ್ಟೆ. ಕಿಟಕಿಯಿಂದ ನೋಡುತ್ತಿದ್ದೆ. ಆ ಹುಡುಗಿ ಅಜ್ಜಿಯ ಕೈಯನ್ನೇ ನೋಡುತ್ತಾ ತುಟಿ ಅಲ್ಲಾಡಿಸುತ್ತಿದ್ದಳು. ಒಳಗೊಳಗೇ ಎಣಿಸುತ್ತಿದ್ದಳೋ ಏನೋ.

ಬೇಸಿಗೆಯಲ್ಲಿ ನನಗೆ ವರ್ಗವಾಯಿತು. ಹೋಗುವ ದಿನ, ಇವತ್ತು ಹೇಳಿಯೇ ಬಿಡುವುದು ಎಂದು ಗಟ್ಟಿ ಮನಸ್ಸು ಮಾಡಿ ಅವಳ ಮನೆಗೆ ಹೋದೆ. ಸಾಕಮ್ಮ ಒಲೆಯ ಮುಂದೆ ಪುರಿ ಹುರಿಯುತ್ತಿದ್ದಳು. ಕಾದ ಮರಳಿನಲ್ಲಿ ಅಕ್ಕಿ ಚಟಪಟ ಸಿಡಿಯುತ್ತಿತ್ತು. ಗೌರಿ ಪಕ್ಕದಲ್ಲೇ ಕೂತು ಜರಡಿ ಹಿಡಿದಿದ್ದಳು. ಆ ಸದ್ದಿನ ನಡುವೆ ಅವಳೊಬ್ಬಳೇ ನಿಶ್ಶಬ್ದವಾಗಿದ್ದಳು. "ಅಜ್ಜಿ, ಒಂದು ಮಾತು" ಎಂದೆ. ಅವಳು ಕೈ ಒರೆಸಿಕೊಂಡು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

"ನೀನ್ ಔಸ್ದಿ ಕೊಡ್ದಿದ್ರೆ ಕೂಸು ನಂಗೆ ಉಳೀತಿರ್ನಿಲ್ಲ ಕಣಪ್ಪ. ನಾ ಮಾಡಿದ್ದ ನಾ ಉಣ್ತೀನಿ. ನೀ ಎಲ್ಲಿದ್ರೂ ತಣ್ಣಗಿರು" ಎಂದು ಕಣ್ಣಿಗೆ ಒತ್ತಿಕೊಂಡಳು.

"ಬರ್ತೀನಿ ಅಜ್ಜಿ" ಎಂದಷ್ಟೇ ಹೇಳಿ ಬಂದುಬಿಟ್ಟೆ. ಸ್ವಾತಂತ್ರ್ಯ ಬಂದ ವರ್ಷ ಮದ್ದೂರಿನಲ್ಲಿ, ಬಾವುಟ ಕಟ್ಟುತ್ತಿದ್ದ ಬೀದಿಯಲ್ಲಿ, ಆ ಊರಿನವನೊಬ್ಬ ಸಿಕ್ಕಿ ಸಾಕಮ್ಮ ಹೋದಳು ಎಂದ. ಜನ ಜೈಕಾರ ಕೂಗುತ್ತಿದ್ದರು. ನಾನು ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅತ್ತೆ.

ಆಮೇಲೆ ಎಷ್ಟೋ ಊರಿಗೆ ವರ್ಗವಾಯಿತು. ಎಲ್ಲಿಗೆ ಹೋದರೂ ರೋಗಿಗಳ ಮನೆಯ ಲೋಟವನ್ನೇ ತರಿಸುತ್ತಿದ್ದೆ. ಔನ್ಸು ಗ್ಲಾಸಿನಿಂದ ನೀರು ಸುರಿದು, ಎಲ್ಲಿಗೆ ನಿಂತಿತೋ ಅಲ್ಲಿ ಮೊಳೆಯಿಂದ ಗೀರಿ ಕೊಡುತ್ತಿದ್ದೆ. ಚಟಾಕಿನ ಮಾತು ಮತ್ತೆ ನನ್ನ ಬಾಯಲ್ಲಿ ಬರಲಿಲ್ಲ. ಮುಂದೆ ಸೇರು ಹೋಗಿ ಲೀಟರ್ ಬಂತು, ಔನ್ಸು ಹೋಗಿ ಎಂ.ಎಲ್. ಬಂತು. ಜೊತೆಯವರೆಲ್ಲ ಹಳೆಯ ಅಳತೆಯೇ ಚೆನ್ನಾಗಿತ್ತು ಎಂದು ಗೊಣಗುತ್ತಿದ್ದರು. ನಾನು ಗೊಣಗಲಿಲ್ಲ. ನನಗೆ ಯಾವ ಅಳತೆಯ ಮೇಲೂ ಕೋಪವಿಲ್ಲ.

ಆ ಪ್ಲಾಸ್ಟಿಕ್ ಮುಚ್ಚಳ ಕೈಗೆ ಬಂದ ಮೇಲೆ ನಾಲ್ಕು ದಿನ ಮನೆಯಲ್ಲಿ ನಿಲ್ಲಲಾಗಲಿಲ್ಲ. ಸಂತೆಯ ದಿನ ಮದ್ದೂರಿನ ಬಸ್ಸು ಹತ್ತಿದೆ. ಕಿವುಡಿಯ ಪುರಿ ಎಲ್ಲಿ ಎಂದು ಕೇಳಿದ್ದಕ್ಕೆ ಮೂರು ಜನ ಒಟ್ಟಿಗೆ ಕೈ ತೋರಿಸಿದರು. ಗೌರಿಯ ತಲೆ ನರೆತಿತ್ತು. ಮುಂದೆ ಪುರಿಯ ರಾಶಿ. ಸರ್ಕಾರದ ಮುದ್ರೆ ಹಾಕಿದ ಹೊಸ ಲೀಟರ್ ಡಬ್ಬದಲ್ಲಿ ಅಳೆಯುತ್ತಿದ್ದಳು. ನನಗೆ ಎರಡು ಬೇಕೆಂದು ಬೆರಳು ತೋರಿಸಿದೆ. ಡಬ್ಬ ತುಂಬಿ ನನ್ನ ಚೀಲಕ್ಕೆ ಸುರಿಯುತ್ತಾ, "ಲಾಭ" ಎಂದಳು. ಏರಿಳಿತವಿಲ್ಲದ, ಒಣಗಿದ ಸ್ವರ. "ಎಲ್ಡು." ಮೇಲೊಂದು ಬೊಗಸೆ ಹಾಕಿದಳು.

ಬಿಟ್ಟರೆ ಇನ್ನಿಲ್ಲ ಎನ್ನಿಸಿತು. ಬರೆದುಕೊಡೋಣವೆಂದರೆ ಅವಳಿಗೆ ಅಕ್ಷರ ಬಾರದು. ಅವಳ ಮುಖ ನೋಡಿಕೊಂಡೇ ಹೇಳಿದೆ. "ಗೌರವ್ವ, ನಾನು ಆಗಿನ ಕಾಂಪೌಂಡರ್. ಅವತ್ತು ಅಳತೆ ತಪ್ಪು ಹೇಳಿದವನು ನಾನು. ನಿಮ್ಮಜ್ಜಿಯ ಕೊಸರಿನಿಂದ ಆದದ್ದಲ್ಲ. ನಿಮ್ಮಜ್ಜಿ ಏನೂ ತಪ್ಪು ಮಾಡಿರಲಿಲ್ಲ."

ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಅಳೆದು ಮುಗಿದ ಮೇಲೂ ಚೀಲ ಹಿಡಿದುಕೊಂಡು ಮಾತಾಡುತ್ತಾ ನಿಲ್ಲುವವರು ಅವಳಿಗೆ ಹೊಸಬರಲ್ಲ. ಅವರಿಗೆ ಬೇಕಾಗಿರುವುದು ಒಂದೇ. ನಕ್ಕು, ಎರಡೂ ಕೈಯಲ್ಲಿ ಬಾಚಿ, ಇನ್ನೊಂದು ತುಂಬು ಬೊಗಸೆ ಪುರಿಯನ್ನು ನನ್ನ ಚೀಲಕ್ಕೆ ಸುರಿದಳು.

"ತಕಳಿ ಯಜಮಾನ್ರೇ" ಎಂದಳು. "ನಮ್ಮಜ್ಜಿ ಕೊಸ್ರು ಕೊಡದ ಬುಟ್ಬುಟ್ಟಿದ್ಲು. ಯಾಕೋ ಏನೋ, ನಂಗ್ ಗೊತ್ತಿಲ್ಲ. ನಾ ಬುಟ್ಟಿಲ್ಲ."

ಚೀಲದ ಬಾಯಿ ಹಿಡಿದುಕೊಂಡು ನಿಂತೇ ಇದ್ದೆ. ಹಿಂದೆ ನಿಂತಿದ್ದ ಯಾರೋ, "ವಸಿ ಜರುಗಿ ಯಜಮಾನ್ರೇ" ಎಂದರು. ಜರುಗಿದೆ.